ಅಂತರರಾಷ್ಟ್ರೀಯ ಕಾನೂನಿನಲ್ಲಿ ಸ್ನಾತಕೋತ್ತರ ಅಧ್ಯಯನ: ಅರ್ಜಿ ಸಲ್ಲಿಸುವ ಮುನ್ನ

ನವದೆಹಲಿಯ ಭಗವಾನ್ ದಾಸ್ ರಸ್ತೆಯಲ್ಲಿ, ಸರ್ವೋಚ್ಚ ನ್ಯಾಯಾಲಯದಿಂದ ಕೂಗಳತೆಯ ದೂರದಲ್ಲಿ, ಕಾನೂನು ಅಧ್ಯಯನಕ್ಕೆ ಮೀಸಲಾದ ಎರಡು ಸಂಸ್ಥೆಗಳಿವೆ. ಒಂದು, 1956ರಲ್ಲಿ ಸ್ಥಾಪನೆಯಾದ ಭಾರತೀಯ ಕಾನೂನು ಸಂಸ್ಥೆ. ಇನ್ನೊಂದು, 1959ರಲ್ಲಿ ವಿ. ಕೆ. ಕೃಷ್ಣ ಮೆನನ್ ಅವರ ನೇತೃತ್ವದಲ್ಲಿ ಆರಂಭವಾದ ಭಾರತೀಯ ಅಂತರರಾಷ್ಟ್ರೀಯ ಕಾನೂನು ಸಂಘ. ಮೊದಲನೆಯದು ಎಲ್‌ಎಲ್‌.ಎಂ. ಪದವಿಯನ್ನು ನೀಡುತ್ತದೆ. ಎರಡನೆಯದು ಅಂತರರಾಷ್ಟ್ರೀಯ ಕಾನೂನು ಹಾಗೂ ರಾಜತಾಂತ್ರಿಕತೆ, ಮಾನವ ಹಕ್ಕುಗಳು, ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಮೊದಲಾದ ವಿಷಯಗಳಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನೀಡುತ್ತದೆ. ಎರಡೂ ಕಾಗದಗಳು ಸ್ನಾತಕೋತ್ತರ ಮಟ್ಟದವೇ. ಆದರೆ ಒಂದನ್ನು ಮುಂದಿಟ್ಟು ಕಾಲೇಜಿನ ಉಪನ್ಯಾಸಕ ಹುದ್ದೆಗೆ ಅರ್ಜಿ ಸಲ್ಲಿಸಬಹುದು. ಇನ್ನೊಂದನ್ನು ಮಾತ್ರ ಹಿಡಿದು ಸಲ್ಲಿಸಲಾಗದು. ಈ ವ್ಯತ್ಯಾಸವನ್ನು ದೆಹಲಿಗೆ ಬಂದು ಒಂದು ವರ್ಷ ಕಳೆದ ಮೇಲೆ ತಿಳಿದುಕೊಳ್ಳುವವರ ಸಂಖ್ಯೆ ಕಡಿಮೆಯಲ್ಲ.

ಕರ್ನಾಟಕದಲ್ಲಿ ಕಾನೂನು ಪದವಿ ಪಡೆದು ಅಂತರರಾಷ್ಟ್ರೀಯ ಕಾನೂನಿನಲ್ಲಿ ವೃತ್ತಿ ಕಂಡುಕೊಳ್ಳಬೇಕೆಂದು ಬಯಸುವ ಯುವಕ ಯುವತಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಯಾವ ವಿಶ್ವವಿದ್ಯಾಲಯ ಉತ್ತಮ?’ ಎಂಬುದು. ಇದಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ನಾನು ಮಾಡಬೇಕೆಂದಿರುವ ಕೆಲಸ ಯಾವುದು, ಆ ಕೆಲಸಕ್ಕೆ ಆಯ್ಕೆ ಮಾಡುವವರು ಯಾವ ಅರ್ಹತೆಯನ್ನು ಕೇಳುತ್ತಾರೆ? ನೇಮಕಾತಿಯ ಪ್ರಕಟಣೆಯನ್ನು ಮೊದಲು ಓದಿ, ವಿಶ್ವವಿದ್ಯಾಲಯದ ಪರಿಚಯ ಪುಸ್ತಿಕೆಯನ್ನು ಅನಂತರ ಓದುವುದು ಸರಿಯಾದ ಕ್ರಮ.

ಒಂದೇ ಹೆಸರು, ಹಲವು ಶಾಖೆಗಳು

ಅಂತರರಾಷ್ಟ್ರೀಯ ಕಾನೂನು ಎಂಬ ಒಂದೇ ಹೆಸರಿನಡಿಯಲ್ಲಿ ಪರಸ್ಪರ ಸಾಕಷ್ಟು ಭಿನ್ನವಾದ ಶಾಖೆಗಳು ಸೇರಿಕೊಂಡಿವೆ. ಕರ್ನಾಟಕದ ಓದುಗರಿಗೆ ಪರಿಚಿತವಾದ ಕೆಲವು ಸಂಗತಿಗಳಿಂದಲೇ ಇದನ್ನು ತಿಳಿಯಬಹುದು.

ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬು ಬೆಳೆಗಾರರಿಗೆ ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರ ನಿಗದಿಪಡಿಸುವ ನ್ಯಾಯಯುತ ಹಾಗೂ ಲಾಭದಾಯಕ ಬೆಲೆ, ನಿತ್ಯದ ಮಾತು. ಇದೇ ಬೆಲೆಯ ವಿಷಯವಾಗಿ ಆಸ್ಟ್ರೇಲಿಯ, ಬ್ರೆಜಿಲ್ ಮತ್ತು ಗ್ವಾಟೆಮಾಲ ದೇಶಗಳು 2019ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತದ ವಿರುದ್ಧ ದೂರು ಸಲ್ಲಿಸಿದವು. ಕಬ್ಬಿಗೆ ನೀಡುವ ದೇಶೀಯ ಬೆಂಬಲವು ಉತ್ಪಾದನೆಯ ಮೌಲ್ಯದ ಶೇಕಡಾ 10ರ ಮಿತಿಯನ್ನು ಮೀರಿದೆ ಎಂದು 2021ರ ಡಿಸೆಂಬರಿನಲ್ಲಿ ವಿಚಾರಣಾ ಮಂಡಳಿ ವರದಿ ನೀಡಿತು. ಭಾರತವು ಇದರ ವಿರುದ್ಧ ಮೇಲ್ಮನವಿ ಸಲ್ಲಿಸಿತು. ಸದಸ್ಯರ ನೇಮಕವಾಗದೆ ಮೇಲ್ಮನವಿ ಮಂಡಳಿಯ ಕಾರ್ಯವು 2019ರ ಡಿಸೆಂಬರಿನಲ್ಲೇ ನಿಂತುಹೋಗಿದ್ದುದರಿಂದ ವರದಿಯು ಅಂಗೀಕಾರದ ಹಂತಕ್ಕೆ ಬರಲಿಲ್ಲ. ಇಂಥ ವ್ಯಾಜ್ಯದಲ್ಲಿ ವಾದ ಸಿದ್ಧಪಡಿಸುವವರು ಒಪ್ಪಂದದ ಪದಗಳಷ್ಟೇ ಅಲ್ಲದೆ ಬೆಲೆ, ಇಳುವರಿ ಮತ್ತು ಸಬ್ಸಿಡಿಯ ಲೆಕ್ಕವನ್ನೂ ಬಲ್ಲವರಾಗಿರಬೇಕು. ಇದು ವ್ಯಾಪಾರ ಕಾನೂನಿನ ಶಾಖೆ.

ಹೂಡಿಕೆ ಮತ್ತು ಮಧ್ಯಸ್ಥಿಕೆಯ ಶಾಖೆಗೆ ಬೆಂಗಳೂರೇ ಒಂದು ದೊಡ್ಡ ನಿದರ್ಶನವನ್ನು ಒದಗಿಸಿದೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ನಿಗಮವು 2005ರ ಜನವರಿಯಲ್ಲಿ ದೇವಾಸ್ ಮಲ್ಟಿಮೀಡಿಯಾ ಕಂಪನಿಯೊಂದಿಗೆ ಉಪಗ್ರಹ ತರಂಗಾಂತರದ ಬಳಕೆಗಾಗಿ ಮಾಡಿಕೊಂಡ ಒಪ್ಪಂದ 2011ರಲ್ಲಿ ರದ್ದಾಯಿತು. 2015ರಲ್ಲಿ ಮಧ್ಯಸ್ಥಿಕೆ ಮಂಡಳಿಯು ದೇವಾಸ್‌ಗೆ 56.25 ಕೋಟಿ ಡಾಲರ್ ಪರಿಹಾರ ನೀಡುವಂತೆ ಆದೇಶಿಸಿತು. ಕಂಪನಿಯ ಹೂಡಿಕೆದಾರರು ಭಾರತ–ಮಾರಿಷಸ್ ಮತ್ತು ಭಾರತ–ಜರ್ಮನಿ ಹೂಡಿಕೆ ಒಪ್ಪಂದಗಳ ಅಡಿಯಲ್ಲಿ ಪ್ರತ್ಯೇಕವಾಗಿ ಮಧ್ಯಸ್ಥಿಕೆಯ ಮೊರೆಹೊಕ್ಕರು. ಕಂಪನಿಯೇ ವಂಚನೆಯ ಉದ್ದೇಶದಿಂದ ಸ್ಥಾಪಿತವಾದುದೆಂದು 2022ರ ಜನವರಿಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಅದರ ಸಮಾಪನವನ್ನು ಎತ್ತಿಹಿಡಿಯಿತು. ಅದೇ ವರ್ಷ ದೆಹಲಿ ಉಚ್ಚ ನ್ಯಾಯಾಲಯವು 2015ರ ಆದೇಶವನ್ನು ತಳ್ಳಿಹಾಕಿತು. ಆದರೂ ವ್ಯಾಜ್ಯವು ಹೊರದೇಶಗಳಲ್ಲಿ ಮುಂದುವರಿದು, 2025ರ ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಲ್ಲಿನ ನ್ಯಾಯಾಲಯಗಳ ಅಧಿಕಾರವ್ಯಾಪ್ತಿಯ ಬಗ್ಗೆ ತೀರ್ಪು ನೀಡಿತು. ಒಂದು ಗುತ್ತಿಗೆಯ ಸುತ್ತ ಇಷ್ಟು ದೇಶಗಳ ಕಾನೂನು ಹೆಣೆದುಕೊಂಡಿದ್ದು, ಇದರಲ್ಲಿ ಕೆಲಸ ಮಾಡುವ ವಕೀಲರಿಗೆ ಗುತ್ತಿಗೆ ಕಾನೂನು, ಕಂಪನಿ ಕಾನೂನು ಮತ್ತು ಒಪ್ಪಂದ ಕಾನೂನು ಮೂರರಲ್ಲೂ ಹಿಡಿತವಿರಬೇಕಾಗುತ್ತದೆ.

ಮೂರನೆಯದು ರಾಷ್ಟ್ರ ರಾಷ್ಟ್ರಗಳ ನಡುವಿನ ಸಂಬಂಧವನ್ನು ನಿಯಂತ್ರಿಸುವ ಸಾರ್ವಜನಿಕ ಅಂತರರಾಷ್ಟ್ರೀಯ ಕಾನೂನು. ಪಾಕಿಸ್ತಾನದಲ್ಲಿ ಬಂಧಿತರಾದ ಕುಲಭೂಷಣ ಜಾಧವ್ ಅವರ ಪ್ರಕರಣದಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವು 2019ರ ಜುಲೈ 17ರಂದು ನೀಡಿದ ತೀರ್ಪು ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ರಾಯಭಾರ ಕಚೇರಿಯ ಅಧಿಕಾರಿಗಳ ಭೇಟಿಗೆ ಅವಕಾಶ ನಿರಾಕರಿಸಿದ್ದು 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯ ಉಲ್ಲಂಘನೆ ಎಂದು ನ್ಯಾಯಾಲಯ ಹೇಳಿತು. ಇಡೀ ಪ್ರಕರಣವು ಆ ಒಂದು ವಿಧಿಯ ಕೆಲವೇ ಸಾಲುಗಳ ಅರ್ಥದ ಮೇಲೆ ನಿಂತಿತ್ತು.

ನದಿಗಳ ವಿಷಯವನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಅಂತರರಾಷ್ಟ್ರೀಯ ಕಾನೂನು ವಿದೇಶಕ್ಕೆ ಹೋಗುವವರಿಗೆ ಮಾತ್ರ ಬೇಕಾದ ವಿದ್ಯೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಂತರರಾಷ್ಟ್ರೀಯ ಕಾನೂನು ಪರಿಷತ್ತು 1966ರಲ್ಲಿ ಹೆಲ್ಸಿಂಕಿಯಲ್ಲಿ ರೂಪಿಸಿದ ನಿಯಮಗಳು ಹಲವು ದೇಶಗಳಲ್ಲಿ ಹರಿಯುವ ನದಿಗಳ ನೀರನ್ನು ನ್ಯಾಯೋಚಿತವಾಗಿ ಹಂಚಿಕೊಳ್ಳುವ ತತ್ತ್ವವನ್ನು ವಿವರಿಸುತ್ತವೆ. ಕಾವೇರಿ ನಮ್ಮ ದೇಶದೊಳಗಿನ ನದಿಯೇ ಆದರೂ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಹೆಲ್ಸಿಂಕಿ ನಿಯಮಗಳನ್ನು ಪರಿಶೀಲಿಸಿತು. ಆ ತೀರ್ಪಿನಿಂದ ಕರ್ನಾಟಕದ ಪಾಲು 14.75 ಟಿಎಂಸಿ ಅಡಿಯಷ್ಟು ಹೆಚ್ಚಿ 284.75 ಟಿಎಂಸಿ ಅಡಿ ಆಯಿತು. ರಾಜ್ಯ ಸರ್ಕಾರದ ಪರ ವಾದ ಸಿದ್ಧಪಡಿಸುವ ಕಿರಿಯ ವಕೀಲನಿಗೂ ಈ ವಿದ್ಯೆ ಬೇಕು.

ಮಂಗಳೂರಿನ ನ್ಯಾಯಾಧೀಶರು

ಅಂತರರಾಷ್ಟ್ರೀಯ ನ್ಯಾಯಾಲಯದ ಪೀಠವನ್ನೇರಿದ ಮೊದಲ ಭಾರತೀಯರು ಮಂಗಳೂರಿನಲ್ಲಿ 1887ರಲ್ಲಿ ಜನಿಸಿದ ಸರ್ ಬೆನಗಲ್ ನರಸಿಂಗ ರಾವ್. ಸಂವಿಧಾನ ರಚನಾ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದವರೆಂದು ಅವರನ್ನು ಬಹುಮಂದಿ ಬಲ್ಲರು. ಅವರ ಇನ್ನೊಂದು ಕೆಲಸದ ನೆನಪು ಅಷ್ಟಾಗಿ ಉಳಿದಿಲ್ಲ. ಸಿಂಧೂ ನದಿಯ ನೀರಿನ ಬಗ್ಗೆ ಅಂದಿನ ಸಿಂಧ್ ಮತ್ತು ಪಂಜಾಬ್ ಪ್ರಾಂತಗಳ ನಡುವೆ ಎದ್ದ ವ್ಯಾಜ್ಯದ ವಿಚಾರಣೆಗೆ 1941ರಲ್ಲಿ ನೇಮಕಗೊಂಡ ಆಯೋಗಕ್ಕೆ ಅವರೇ ಅಧ್ಯಕ್ಷರು. ಒಪ್ಪಂದವಿಲ್ಲದ ಕಡೆ ನ್ಯಾಯೋಚಿತ ಹಂಚಿಕೆಯೇ ಆಧಾರವಾಗಬೇಕೆಂದು 1942ರ ವರದಿಯಲ್ಲಿ ಆಯೋಗ ತಿಳಿಸಿತು. ಹೆಲ್ಸಿಂಕಿ ನಿಯಮಗಳಿಗಿಂತ 24 ವರ್ಷ ಮೊದಲು ಬಂದ ಮಾತಿದು. 1949ರಿಂದ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗದ ಸದಸ್ಯರಾಗಿಯೂ, 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷರಾಗಿಯೂ ಅವರು ಕಾರ್ಯ ನಿರ್ವಹಿಸಿದರು. 1952ರಲ್ಲಿ ಹೇಗ್‌ನ ನ್ಯಾಯಪೀಠಕ್ಕೆ ಬಂದ ಅವರು 1953ರ ನವೆಂಬರಿನಲ್ಲಿ ನಿಧನರಾದರು.

ನರಸಿಂಗ ರಾಯರು ಹೇಗ್‌ಗೆ ಹೋದದ್ದು ಐಸಿಎಸ್ ಅಧಿಕಾರಿಯಾಗಿ, ನ್ಯಾಯಾಧೀಶರಾಗಿ, ಶಾಸನ ರಚನೆಯಲ್ಲಿ ಪಳಗಿದವರಾಗಿ. ವಿಶೇಷ ಸ್ನಾತಕೋತ್ತರ ಪದವಿಯ ಬಲದಿಂದಲ್ಲ. ಅವರ ಕಾಲದಲ್ಲಿ ಆ ವಿಷಯಕ್ಕೆ ಮೀಸಲಾದ ಅಧ್ಯಯನ ಕೇಂದ್ರ ಭಾರತದಲ್ಲಿ ಇರಲೇ ಇಲ್ಲ ಎನ್ನಬಹುದು. ಅವರ ದಾರಿಯನ್ನು ಇಂದು ಅನುಸರಿಸಲು ಸಾಧ್ಯವಿಲ್ಲ. ಆದರೆ ದೇಶದೊಳಗಿನ ಕಾನೂನನ್ನು ಚೆನ್ನಾಗಿ ಬಲ್ಲವರೇ ಅಂತರರಾಷ್ಟ್ರೀಯ ಕ್ಷೇತ್ರದಲ್ಲಿಯೂ ನಿಲ್ಲುತ್ತಾರೆಂಬುದು ಮುಂದೆಯೂ ಸುಳ್ಳಾಗಿಲ್ಲ. ನಾಗೇಂದ್ರ ಸಿಂಗ್, ಆರ್. ಎಸ್. ಪಾಠಕ್, 2012ರಲ್ಲಿ ಆಯ್ಕೆಯಾದ ದಲ್ವೀರ್ ಭಂಡಾರಿ ಇವರೂ ಆಡಳಿತದಲ್ಲಿ ಅಥವಾ ನ್ಯಾಯಾಂಗದಲ್ಲಿ ದೀರ್ಘಕಾಲ ದುಡಿದ ಮೇಲೆಯೇ ಹೇಗ್ ತಲುಪಿದವರು. ಸಾಗರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ 2017ರಲ್ಲಿ ಆಯ್ಕೆಯಾದ ನೀರೂ ಚಡ್ಡಾ ಅವರ ದಾರಿ ಬೇರೆ. ಅವರು ವಿದೇಶಾಂಗ ವ್ಯವಹಾರಗಳ ಸಚಿವಾಲಯದ ಕಾನೂನು ವಿಭಾಗದಲ್ಲಿ ಸೇವೆ ಸಲ್ಲಿಸಿ ಅದರ ಮುಖ್ಯಸ್ಥರಾಗಿದ್ದವರು. ಇಂದಿನ ವಿದ್ಯಾರ್ಥಿಗೆ ಹೆಚ್ಚು ಸಮೀಪವಾದುದು ಈ ಎರಡನೆಯ ದಾರಿ.

ಉದ್ಯೋಗ ಎಲ್ಲಿದೆ

ಮೇಲೆ ಹೇಳಿದ ವಿಭಾಗದ ಹೆಸರು ಕಾನೂನು ಮತ್ತು ಒಪ್ಪಂದಗಳ ವಿಭಾಗ. 1957ರಲ್ಲಿ ಸ್ಥಾಪಿತವಾದ ಇದು ಅಂತರರಾಷ್ಟ್ರೀಯ ಕಾನೂನಿನ ಪ್ರಶ್ನೆಗಳಲ್ಲಿ ಭಾರತ ಸರ್ಕಾರಕ್ಕೆ ಸಲಹೆ ನೀಡುತ್ತದೆ. ಇಲ್ಲಿನ ಕಾನೂನು ಅಧಿಕಾರಿಗಳ ನೇರ ನೇಮಕಾತಿಗೆ ಕೇಂದ್ರ ಲೋಕಸೇವಾ ಆಯೋಗವು ಪ್ರಕಟಣೆ ಹೊರಡಿಸುತ್ತದೆ. ಹುದ್ದೆಗಳು ಕೆಲವೇ, ಪ್ರಕಟಣೆ ಪ್ರತಿವರ್ಷ ಬರುವುದಿಲ್ಲ. ಅಂತರರಾಷ್ಟ್ರೀಯ ಕಾನೂನು ಅಥವಾ ಅದಕ್ಕೆ ನಿಕಟವಾದ ವಿಷಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ನಿಗದಿತ ವರ್ಷಗಳ ಅನುಭವವನ್ನೂ ಇಂಥ ಹುದ್ದೆಗಳಿಗೆ ಕೇಳಲಾಗುತ್ತದೆ. ‘ಪದವಿ’ ಎಂದಿರುವ ಕಡೆ ಡಿಪ್ಲೊಮಾ ಸಲ್ಲದು. ಅನುಭವವನ್ನು ಕೇಳಿರುವ ಕಡೆ ಬರಿಯ ಪದವಿ ಸಾಲದು.

ಇದರೊಡನೆ ಭಾರತೀಯ ವಿದೇಶಾಂಗ ಸೇವೆಯನ್ನು ಬೆರೆಸಿ ನೋಡಬಾರದು. ವಿದೇಶಾಂಗ ಸೇವೆಗೆ ಆಯ್ಕೆ ನಾಗರಿಕ ಸೇವಾ ಪರೀಕ್ಷೆಯ ಮೂಲಕ ನಡೆಯುತ್ತದೆ. ಯಾವುದೇ ವಿಷಯದ ಪದವೀಧರರು ಅದನ್ನು ಬರೆಯಬಹುದು. ರಾಯಭಾರಿಯಾಗುವ ಉದ್ದೇಶಕ್ಕಾಗಿ ಮಾತ್ರ ಎಲ್‌ಎಲ್‌.ಎಂ. ಸೇರುವವರು ಪರೀಕ್ಷಾ ಸಿದ್ಧತೆಯ ಅಮೂಲ್ಯ ಸಮಯವನ್ನು ಬೇರೆಡೆ ವ್ಯಯಿಸಿದಂತಾಗುತ್ತದೆ. ಹಾಗೆಯೇ ನ್ಯಾಯಾಲಯದಲ್ಲಿ ಅಥವಾ ಮಧ್ಯಸ್ಥಿಕೆಯಲ್ಲಿ ವಕೀಲಿ ನಡೆಸಲು ಎಲ್‌ಎಲ್‌.ಬಿ. ಪದವಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮತ್ತು ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆ ಸಾಕು. ಮಧ್ಯಸ್ಥಿಕೆಯ ಕ್ಷೇತ್ರದಲ್ಲಿ ಕಚೇರಿಗಳು ಹೊಸಬರ ಬರವಣಿಗೆಯನ್ನು, ವಾಣಿಜ್ಯ ಕಾನೂನಿನ ತಿಳಿವಳಿಕೆಯನ್ನು ಮೊದಲು ನೋಡುತ್ತವೆ. ಈ ದಾರಿ ಹಿಡಿಯುವವರು ಎರಡು ಮೂರು ವರ್ಷ ಕೆಲಸ ಮಾಡಿ, ಅನಂತರ ಸ್ನಾತಕೋತ್ತರ ಅಧ್ಯಯನಕ್ಕೆ ಹೋಗುವುದೇ ಲೇಸೆಂಬುದು ಈ ಲೇಖಕರ ಅಭಿಪ್ರಾಯ.

ವ್ಯಾಪಾರ ಕಾನೂನಿನಲ್ಲಿ ಆಸಕ್ತಿಯುಳ್ಳವರು ನವದೆಹಲಿಯ ಭಾರತೀಯ ವಿದೇಶ ವ್ಯಾಪಾರ ಸಂಸ್ಥೆಯತ್ತ ಗಮನ ಹರಿಸಬೇಕು. ವಾಣಿಜ್ಯ ಸಚಿವಾಲಯದ ನೆರವಿನಿಂದ ಅಲ್ಲಿ 1999ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಅಧ್ಯಯನ ಕೇಂದ್ರವೂ, 2016ರಲ್ಲಿ ವ್ಯಾಪಾರ ಮತ್ತು ಹೂಡಿಕೆ ಕಾನೂನು ಕೇಂದ್ರವೂ ಆರಂಭವಾದವು. ಎರಡನೆಯ ಕೇಂದ್ರವು ಯುವ ಕಾನೂನು ಪದವೀಧರರನ್ನು ಸಂಶೋಧಕರಾಗಿ ತೆಗೆದುಕೊಳ್ಳುತ್ತದೆ. ಒಪ್ಪಂದಗಳ ಮಾತುಕತೆ ಮತ್ತು ವ್ಯಾಜ್ಯಗಳ ಕಾಗದಪತ್ರಗಳು ಹೇಗೆ ಸಿದ್ಧವಾಗುತ್ತವೆಂಬುದನ್ನು ಹತ್ತಿರದಿಂದ ಕಾಣುವ ಇಂಥ ಅವಕಾಶ ಬೇರೆ ಕಡೆ ದೊರೆಯುವುದು ಕಷ್ಟ.

ಚಾಣಕ್ಯಪುರಿಯಲ್ಲಿ ಏಷ್ಯಾ–ಆಫ್ರಿಕಾ ಕಾನೂನು ಸಮಾಲೋಚನಾ ಸಂಸ್ಥೆಯ ಪ್ರಧಾನ ಕಚೇರಿಯಿದೆ. 1955ರ ಬಾಂಡುಂಗ್ ಸಮ್ಮೇಳನದ ಫಲವಾಗಿ 1956ರ ನವೆಂಬರಿನಲ್ಲಿ ಏಳು ದೇಶಗಳು ಕೂಡಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ಈಗ ನಲವತ್ತಕ್ಕೂ ಹೆಚ್ಚು ದೇಶಗಳು ಸದಸ್ಯರಾಗಿವೆ. ಕಾನೂನು ವಿದ್ಯಾರ್ಥಿಗಳಿಗೆ ಅಲ್ಲಿ ಅಲ್ಪಾವಧಿಯ ತರಬೇತಿಗೆ ಅವಕಾಶವಿದೆ. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ, ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಗಳೂ ದೆಹಲಿಯಲ್ಲಿವೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸೇರಿಲ್ಲವಾದರೂ ನಿರಾಶ್ರಿತರ ಕಾನೂನು ನಮಗೆ ದೂರದ ವಿಷಯವಲ್ಲ. ಮೈಸೂರು ಜಿಲ್ಲೆಯ ಬೈಲುಕುಪ್ಪೆಯ ಟಿಬೆಟನ್ ವಸತಿಯನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ.

ಬೋಧನೆಯು ಇವೆಲ್ಲಕ್ಕಿಂತ ಹೆಚ್ಚು ಜನರಿಗೆ ಉದ್ಯೋಗ ನೀಡುವ ಕ್ಷೇತ್ರ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಕನಿಷ್ಠ ಶೇಕಡಾ 55 ಅಂಕಗಳೊಡನೆ ಎಲ್‌ಎಲ್‌.ಎಂ. ಹಾಗೂ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಅಂದರೆ ‘ನೆಟ್‌’ನಲ್ಲಿ ತೇರ್ಗಡೆ ಎಂಬುದು ಸಾಮಾನ್ಯ ನಿಯಮ; ಮೀಸಲು ವರ್ಗದವರಿಗೆ ಅಂಕಗಳಲ್ಲಿ ರಿಯಾಯಿತಿ ಇದೆ.

ದೆಹಲಿ ವಲಯದ ವಿದ್ಯಾಸಂಸ್ಥೆಗಳು

ಕಲಬುರಗಿಯ ಒಬ್ಬ ಪದವೀಧರೆಯ ಸ್ಥಿತಿಯನ್ನು ಊಹಿಸಿಕೊಳ್ಳೋಣ. ಎಲ್‌ಎಲ್‌.ಬಿ. ಮುಗಿದಿದೆ, ತಂದೆ ಎರಡು ವರ್ಷದ ಖರ್ಚಿಗಾಗುವಷ್ಟು ಹಣವನ್ನು ಸಾಲ ಮಾಡಿ ಒದಗಿಸಬಲ್ಲರು, ಮೂರನೆಯ ವರ್ಷಕ್ಕೆ ಸಾಧ್ಯವಿಲ್ಲ. ಆಕೆಯ ಮುಂದೆ ಯಾವ ಆಯ್ಕೆಗಳಿವೆ?

ದೆಹಲಿ ವಿಶ್ವವಿದ್ಯಾಲಯದ ಕಾನೂನು ನಿಕಾಯವು 1924ರಲ್ಲಿ ಸ್ಥಾಪಿತವಾದುದು. ಎರಡು ವರ್ಷದ ಪೂರ್ಣಾವಧಿ ಎಲ್‌ಎಲ್‌.ಎಂ. ಜೊತೆಗೆ ಉದ್ಯೋಗದಲ್ಲಿರುವವರಿಗಾಗಿ ಮೂರು ವರ್ಷದ ಶಿಕ್ಷಣವನ್ನೂ ಅದು ಬಹುಕಾಲ ನಡೆಸಿಕೊಂಡು ಬಂದಿದೆ. ಸರ್ಕಾರಿ ವಿಶ್ವವಿದ್ಯಾಲಯವಾದ್ದರಿಂದ ಶುಲ್ಕದ ಹೊರೆ ಖಾಸಗಿ ಸಂಸ್ಥೆಗಳಿಗಿಂತ ಬಹಳ ಕಡಿಮೆ. ದ್ವಾರಕಾದಲ್ಲಿ 2008ರಲ್ಲಿ ಆರಂಭವಾದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವು ತನ್ನದೇ ಪ್ರವೇಶ ಪರೀಕ್ಷೆಯ ಮೂಲಕ ಒಂದು ವರ್ಷದ ಎಲ್‌ಎಲ್‌.ಎಂ.ಗೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ. ರಾಷ್ಟ್ರ ರಾಜಧಾನಿ ವಲಯಕ್ಕೇ ಸೇರಿದ ಹರಿಯಾಣದ ಸೋನಿಪತ್‌ನಲ್ಲಿ 2009ರಲ್ಲಿ ಆರಂಭವಾದ ಜಿಂದಲ್ ಜಾಗತಿಕ ಕಾನೂನು ಶಾಲೆ ಖಾಸಗಿ ವಲಯದ್ದು. ಅಲ್ಲಿ ಪ್ರಾಧ್ಯಾಪಕರ ಸಂಖ್ಯೆ ದೊಡ್ಡದು, ಶುಲ್ಕವೂ ದೊಡ್ಡದು.

ಅಂತರರಾಷ್ಟ್ರೀಯ ಕಾನೂನೇ ಮುಖ್ಯ ವಿಷಯವಾಗಿರುವ ಸಂಸ್ಥೆಗಳು ಎರಡು. ಸಾರ್ಕ್ ದೇಶಗಳ ಒಪ್ಪಂದದಂತೆ 2010ರಲ್ಲಿ ತರಗತಿಗಳನ್ನು ಆರಂಭಿಸಿದ ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯವು ಈಗ ದೆಹಲಿಯ ಮೈದಾನ್ ಗಢಿಯಲ್ಲಿದೆ. ಇಲ್ಲಿನ ಎಲ್‌ಎಲ್‌.ಎಂ. ಅಂತರರಾಷ್ಟ್ರೀಯ ಕಾನೂನನ್ನು ಕೇಂದ್ರವಾಗಿಟ್ಟುಕೊಂಡು ರೂಪುಗೊಂಡದ್ದು. ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾದಂಥ ನೆರೆ ದೇಶಗಳ ಸಹಪಾಠಿಗಳೊಡನೆ ನದಿ ಅಥವಾ ಗಡಿಯ ಪ್ರಶ್ನೆಯನ್ನು ಚರ್ಚಿಸುವಾಗ, ನಮ್ಮ ಪಠ್ಯಪುಸ್ತಕದಲ್ಲಿರುವ ವಾದಕ್ಕೆ ಎದುರು ವಾದವೂ ಇದೆಯೆಂಬುದು ಮೊದಲ ವಾರದಲ್ಲೇ ತಿಳಿಯುತ್ತದೆ. ಈ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ.

ಇನ್ನೊಂದು, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಾನೂನು ಅಧ್ಯಯನ ಕೇಂದ್ರ. 1955ರಲ್ಲಿ ಪ್ರತ್ಯೇಕ ಸಂಸ್ಥೆಯಾಗಿ ಆರಂಭವಾಗಿ 1970ರಲ್ಲಿ ಆ ವಿಶ್ವವಿದ್ಯಾಲಯದೊಡನೆ ವಿಲೀನವಾದ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯ ಅಂಗವಿದು. ಹೊಸದಾಗಿ ಸ್ವತಂತ್ರವಾದ ದೇಶಗಳು ತಾವು ರೂಪಿಸದ ಅಂತರರಾಷ್ಟ್ರೀಯ ಕಾನೂನನ್ನು ಹೇಗೆ ನೋಡಬೇಕೆಂಬ ವಿಚಾರದಲ್ಲಿ ಇಲ್ಲಿನ ಪ್ರೊ. ಆರ್. ಪಿ. ಆನಂದ್, ಪ್ರೊ. ಬಿ. ಎಸ್. ಚಿಮ್ನಿ ಮೊದಲಾದವರ ಬರಹಗಳು ವಿಶ್ವದಾದ್ಯಂತ ಓದಲ್ಪಡುತ್ತವೆ. ಹಿಂದೆ ಎಲ್‌ಎಲ್‌.ಎಂ. ಅನಂತರ ಎಂ.ಫಿಲ್. ಮಾಡಲು ಇಲ್ಲಿಗೆ ಬರುವ ವಾಡಿಕೆಯಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳಂತೆ ಎಂ.ಫಿಲ್. ರದ್ದಾಗಿರುವುದರಿಂದ ಈಗ ಪಿಎಚ್‌.ಡಿ.ಗೇ ನೇರವಾಗಿ ಅರ್ಜಿ ಸಲ್ಲಿಸಬೇಕು. ಹಿರಿಯರು ತಮ್ಮ ಕಾಲದ ಅನುಭವದಿಂದ ‘ಮೊದಲು ಎಂ.ಫಿಲ್. ಮಾಡು’ ಎಂದು ನೀಡುವ ಸಲಹೆ ಇಂದು ಅನ್ವಯಿಸುವುದಿಲ್ಲ.

ಭಾರತೀಯ ಅಂತರರಾಷ್ಟ್ರೀಯ ಕಾನೂನು ಸಂಘದ ಡಿಪ್ಲೊಮಾಗಳಿಗೆ ಈ ಚಿತ್ರದಲ್ಲಿ ಸ್ಥಾನವಿಲ್ಲವೆಂದು ಭಾವಿಸಬೇಕಾಗಿಲ್ಲ. ಎಲ್‌ಎಲ್‌.ಎಂ.ನಲ್ಲಿ ಬೇರೆ ವಿಷಯ ಓದಿರುವ ವಕೀಲರಿಗೆ, ಸರ್ಕಾರಿ ನೌಕರರಿಗೆ, ಪತ್ರಕರ್ತರಿಗೆ ಅವು ಬಹಳ ಉಪಯುಕ್ತ. ಸಂಘದ ಗ್ರಂಥಾಲಯವೂ 1960ರಿಂದ ಅದು ಹೊರತರುತ್ತಿರುವ ನಿಯತಕಾಲಿಕವೂ ಯಾವ ವಿದ್ಯಾರ್ಥಿಗಾದರೂ ಪ್ರಯೋಜನಕಾರಿ. ಪದವಿಗೆ ಪೂರಕವಾಗಿ ಡಿಪ್ಲೊಮಾ ಪಡೆಯುವುದು ಸೂಕ್ತ. ಪದವಿಯ ಬದಲಿಗೆ ಪಡೆದರೆ ನಮ್ಮ ಕಲಬುರಗಿಯ ಪದವೀಧರೆಯ ಹಣವೂ ವರ್ಷವೂ ಮುಗಿದು, ಬೋಧನೆಯ ಬಾಗಿಲೂ ಸಚಿವಾಲಯದ ಬಾಗಿಲೂ ಮುಚ್ಚಿಯೇ ಇರುತ್ತವೆ.

ಆಕೆ ದೆಹಲಿಗೇ ಬರಬೇಕೆಂಬ ನಿಯಮವೇನೂ ಇಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿಯೂ ಒಂದು ವರ್ಷದ ಎಲ್‌ಎಲ್‌.ಎಂ. ಇದೆ. ಅಲ್ಲಿ ಓದಿ, ರಜೆಯಲ್ಲಿ ದೆಹಲಿಯ ಕಚೇರಿಯೊಂದರಲ್ಲಿ ತರಬೇತಿ ಪಡೆಯುವುದು ಕಡಿಮೆ ಖರ್ಚಿನ ಮಾರ್ಗ.

ಒಂದು ವರ್ಷವೋ ಎರಡು ವರ್ಷವೋ

ವಿಶ್ವವಿದ್ಯಾಲಯ ಅನುದಾನ ಆಯೋಗವು 2012ರಲ್ಲಿ ಒಂದು ವರ್ಷದ ಎಲ್‌ಎಲ್‌.ಎಂ.ಗೆ ಮಾರ್ಗಸೂಚಿಗಳನ್ನು ಹೊರಡಿಸಿತು. 2021ರ ಜನವರಿಯಲ್ಲಿ ಪ್ರಕಟವಾದ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಒಂದು ವರ್ಷದ ಶಿಕ್ಷಣವನ್ನು ನಿಲ್ಲಿಸಲು ಉದ್ದೇಶಿಸಿದವು. ಅವುಗಳನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತು. ಒಂದು ವರ್ಷದ ಶಿಕ್ಷಣ ಅನಂತರವೂ ನಡೆಯುತ್ತ ಬಂದಿದೆ. ಅರ್ಜಿ ಸಲ್ಲಿಸುವ ವರ್ಷದಲ್ಲಿ ನಿಯಮದ ಸ್ಥಿತಿ ಏನೆಂಬುದನ್ನು ಸಂಸ್ಥೆಯಿಂದ ಲಿಖಿತವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ನಿಯಮದ ಮಾತು ಹಾಗಿರಲಿ. ಒಂದು ವರ್ಷದಲ್ಲಿ ಖರ್ಚು ಉಳಿಯುತ್ತದೆ, ಆದರೆ ತರಗತಿ, ಪ್ರಬಂಧ, ಪರೀಕ್ಷೆಗಳ ನಡುವೆ ಹೊರಗಿನ ತರಬೇತಿಗೆ ಬಿಡುವು ಸಿಗುವುದಿಲ್ಲ. ಬೋಧನೆ, ಸಂಶೋಧನೆಗಳತ್ತ ಹೋಗುವವರಿಗೆ ಎರಡು ವರ್ಷ ವ್ಯರ್ಥವಲ್ಲ. ಈಗಾಗಲೇ ವಕೀಲಿಯಲ್ಲಿರುವವರಿಗೆ ಒಂದು ವರ್ಷ ಸಾಕು.

ವಿದೇಶದಲ್ಲಿ ಅಧ್ಯಯನ

ಲೈಡನ್, ಜಿನೀವಾ, ಕೇಂಬ್ರಿಜ್ ಮೊದಲಾದ ಕಡೆ ಓದುವ ಆಸೆ ಸಹಜವಾದುದು. ಇಲ್ಲಿ ಎರಡು ಸಂಗತಿಗಳನ್ನು ಮೊದಲೇ ತಿಳಿದಿರಬೇಕು. ಮೊದಲನೆಯದು, ವಿದೇಶದ ಒಂದು ವರ್ಷದ ಎಲ್‌ಎಲ್‌.ಎಂ. ಭಾರತದ ಎಲ್‌ಎಲ್‌.ಎಂ.ಗೆ ಸಮಾನವೆಂದು ತಾನಾಗಿಯೇ ಪರಿಗಣಿತವಾಗುವುದಿಲ್ಲ. ಮರಳಿ ಬಂದು ಇಲ್ಲಿ ಬೋಧಿಸಬೇಕೆಂದಿರುವವರು ಸಮಾನತೆಯ ನಿಯಮಗಳನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳತಕ್ಕದ್ದು. ಮೇಲೆ ಹೇಳಿದ ವಕೀಲರ ಪರಿಷತ್ತಿನ ನಿಯಮಗಳಲ್ಲಿ ಈ ಬಗೆಗೂ ಷರತ್ತುಗಳಿವೆ.

ಎರಡನೆಯದು ಹಣ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಸ್ನಾತಕೋತ್ತರ ಶಿಕ್ಷಣಕ್ಕೆ ದೊರೆಯುತ್ತದೆ. ಅದಕ್ಕೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಶಿಕ್ಷಣ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಷರತ್ತೂ ಇದೆ. ಎಲ್‌ಎಲ್‌.ಬಿ. ಮುಗಿಸಿದ ತಕ್ಷಣ ಅರ್ಜಿ ಹಾಕಿ ನಿರಾಶರಾಗುವವರು ಈ ಷರತ್ತನ್ನು ಓದಿರುವುದಿಲ್ಲ. ಪರಿಶಿಷ್ಟ ಜಾತಿಯ, ಅಲೆಮಾರಿ ಸಮುದಾಯಗಳ, ಭೂರಹಿತ ಕೃಷಿ ಕಾರ್ಮಿಕ ಹಾಗೂ ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ ವಿದ್ಯಾರ್ಥಿಗಳಿಗೆ ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಯೋಜನೆಯಿದೆ. ವಯಸ್ಸು 35ನ್ನು ಮೀರಿರಬಾರದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿರಬೇಕು. ಕರ್ನಾಟಕ ಸರ್ಕಾರದ ‘ಪ್ರಬುದ್ಧ’ ಯೋಜನೆಯೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ನೆರವಾಗುವಂಥದು. ಈ ಯೋಜನೆಗಳ ಮಾಹಿತಿ ತಾಲ್ಲೂಕು ಕೇಂದ್ರಗಳ ಕಾನೂನು ಕಾಲೇಜುಗಳವರೆಗೆ ತಲುಪುವುದು ಕಡಿಮೆಯೆಂಬುದನ್ನು ಇಲ್ಲಿ ಹೇಳಲೇಬೇಕು.

ಪೂರ್ಣ ಪದವಿಗೆ ಹೋಗಲಾಗದವರು ಹೇಗ್‌ನ ಶಾಂತಿ ಸೌಧದಲ್ಲಿ ಅಂತರರಾಷ್ಟ್ರೀಯ ಕಾನೂನು ಅಕಾಡೆಮಿ 1923ರಿಂದ ಏರ್ಪಡಿಸುತ್ತಿರುವ ಬೇಸಿಗೆ ಶಿಬಿರಕ್ಕೆ ಅರ್ಜಿ ಸಲ್ಲಿಸಬಹುದು. ಅದಕ್ಕೂ ವಿದ್ಯಾರ್ಥಿವೇತನಗಳಿವೆ. ಮನೆಯಲ್ಲೇ ಕುಳಿತು ಕಲಿಯುವವರಿಗೆ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನಿನ ದೃಶ್ಯ–ಶ್ರವ್ಯ ಗ್ರಂಥಾಲಯವು ವಿಶ್ವದ ಹೆಸರಾಂತ ನ್ಯಾಯಾಧೀಶರ, ಪ್ರಾಧ್ಯಾಪಕರ ಉಪನ್ಯಾಸಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಈ ವಿಷಯ ತಮಗೆ ನಿಜವಾಗಿಯೂ ಒಗ್ಗುವುದೇ ಎಂಬುದನ್ನು ಹಣ ಖರ್ಚು ಮಾಡದೆ ತಿಳಿದುಕೊಳ್ಳಲು ಇದು ಸುಲಭ ಮಾರ್ಗ.

ಭಾಷೆ ಮತ್ತು ಸಿದ್ಧತೆ

ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಪರೀಕ್ಷೆ ಬರೆದು ಬಂದವರಿಗೆ ದೆಹಲಿಯ ಮೊದಲ ಆರು ತಿಂಗಳು ಕಷ್ಟದ್ದು. ಇಂಗ್ಲಿಷ್ ಮಾತನಾಡುವುದಕ್ಕಿಂತ ಇಂಗ್ಲಿಷಿನಲ್ಲಿ ಬರೆಯುವುದು ಇಲ್ಲಿ ಮುಖ್ಯ. ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪೊಂದನ್ನು ತೆಗೆದುಕೊಂಡು ಅದರ ಸಾರವನ್ನು ಎರಡು ಪುಟಗಳಲ್ಲಿ ಬರೆಯುವ ಅಭ್ಯಾಸವನ್ನು ಎಲ್‌ಎಲ್‌.ಬಿ.ಯ ಕೊನೆಯ ವರ್ಷದಲ್ಲೇ ಆರಂಭಿಸಿದರೆ ಈ ಅಂತರ ಬಹುಮಟ್ಟಿಗೆ ಕುಗ್ಗುತ್ತದೆ. ಆ ನ್ಯಾಯಾಲಯದ ಇನ್ನೊಂದು ಅಧಿಕೃತ ಭಾಷೆ ಫ್ರೆಂಚ್. ಅದನ್ನು ತಕ್ಕಮಟ್ಟಿಗೆ ಕಲಿತವರಿಗೆ ವಿಶ್ವಸಂಸ್ಥೆಯ ಕಚೇರಿಗಳಲ್ಲಿ ಹೆಚ್ಚಿನ ಅವಕಾಶವಿದೆ. ಅಣಕು ನ್ಯಾಯಾಲಯ ಸ್ಪರ್ಧೆಗಳಲ್ಲಿ ಭಾಗವಹಿಸುವುದೂ ಒಳ್ಳೆಯ ತರಬೇತಿಯೇ. ಆದರೆ ವಾದ ಮಂಡಿಸಿದವರಿಗಿಂತ ಲಿಖಿತ ವಾದವನ್ನು ಸಿದ್ಧಪಡಿಸಿದವರು ಅದರಿಂದ ಹೆಚ್ಚು ಕಲಿತಿರುತ್ತಾರೆ.

ಕೊನೆಯದಾಗಿ ಕಾಗದಪತ್ರಗಳ ವಿಷಯ. ನೇಮಕಾತಿಯ ಪರಿಶೀಲನೆಯಲ್ಲಿ ‘ಅಂತರರಾಷ್ಟ್ರೀಯ ಕಾನೂನು ವಿಶೇಷ ವಿಷಯವಾಗಿತ್ತೆ?’ ಎಂಬ ಪ್ರಶ್ನೆ ಬಂದಾಗ ಪದವಿ ಪ್ರಮಾಣಪತ್ರದಲ್ಲಿ ಬರಿಯ ಎಲ್‌ಎಲ್‌.ಎಂ. ಎಂದಷ್ಟೇ ಇದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತದೆ. ಆದ್ದರಿಂದ ಪ್ರವೇಶ ಪಡೆಯುವ ಮುನ್ನ ವಿಶೇಷ ಅಧ್ಯಯನದ ಹೆಸರು ಪ್ರಮಾಣಪತ್ರದಲ್ಲಾಗಲಿ ಅಂಕಪಟ್ಟಿಯಲ್ಲಾಗಲಿ ನಮೂದಾಗುವುದೇ ಎಂದು ಕೇಳಬೇಕು. ಶಿಕ್ಷಣ ಮುಗಿದಾಗ ಪತ್ರಿಕೆವಾರು ಅಂಕಪಟ್ಟಿ, ಆಯಾ ವರ್ಷದ ಪಠ್ಯಕ್ರಮದ ದೃಢೀಕೃತ ಪ್ರತಿ ಮತ್ತು ಪ್ರಬಂಧದ ಶೀರ್ಷಿಕೆಯುಳ್ಳ ಪತ್ರವನ್ನು ಕಚೇರಿಯಿಂದ ಪಡೆದು ಇಟ್ಟುಕೊಳ್ಳಬೇಕು. ಕರ್ನಾಟಕದಿಂದ ಹೊರಡುವವರು ವಲಸೆ ಪ್ರಮಾಣಪತ್ರಕ್ಕೆ ಎಲ್‌ಎಲ್‌.ಬಿ. ಫಲಿತಾಂಶ ಬಂದ ವಾರದಲ್ಲೇ ಅರ್ಜಿ ಕೊಡುವುದು ಮೇಲು. ಅದಿಲ್ಲದೆ ದೆಹಲಿಯ ಪ್ರವೇಶವು ತಾತ್ಕಾಲಿಕವಾಗಿಯೇ ಉಳಿಯುತ್ತದೆ.